ಕಂಬಳಿಯ ಮೇಲಿನ ಲ್ಯಾಪ್‌ಟಾಪ್

ಐಮಂಗಲದ ಹತ್ತಿರದ ನಮ್ಮ ಹಟ್ಟಿ,
೧೫ ಮಾರ್ಚ್ ೨೦೨೫, ಶನಿವಾರ ಮಧ್ಯಾಹ್ನ

ಪ್ರೀತಿಯ ರಂಗೇಶ್ ಅವರಿಗೆ,

ನೋಡಿ, ಹೆಸರು ಬರೆದೇಬಿಟ್ಟೆ. ಅತ್ತೆ ಮನೆಯಲ್ಲಿದ್ದಿದ್ದರೆ ಗಂಡನ ಹೆಸರು ಹಿಡಿದು ಕರೆಯುವ ಸೊಸೆಗೆ ಏನೇನು ಅನ್ನುತ್ತಿದ್ದರೋ ನಿಮಗೇ ಗೊತ್ತು. ಈಗ ಮನೆಯಲ್ಲಿ ನಾನೊಬ್ಬಳೇ. ಬರೆಯುವ ಮೊದಲು ಬಾಯಿಬಿಟ್ಟು ಒಂದು ಸಲ ಜೋರಾಗಿ ಕರೆದೂ ನೋಡಿದೆ. ಹೊಸ್ತಿಲ ಮೇಲೆ ಕೂತಿದ್ದ ಕೋಳಿ ಕತ್ತೆತ್ತಿ ನನ್ನ ಕಡೆ ನೋಡಿತು, ಆಮೇಲೆ ಅದೂ ಎದ್ದು ಹೋಯಿತು. ಈ ಕಾಗದವನ್ನು ಮಾವ ಓದಿಸಿಕೊಂಡು ಕೇಳುತ್ತಾರೆ ಅಂತ ಗೊತ್ತು. ಆದ್ದರಿಂದ ಇಲ್ಲಿಯವರೆಗಿನದನ್ನು ಬಿಟ್ಟು ಮುಂದಿನಿಂದ ಓದಿ. ಗಂಟಲು ಸರಿಮಾಡಿಕೊಳ್ಳುವ ನೆಪದಲ್ಲಿ ಹಾರಿಸಿಬಿಡಿ, ಅವರಿಗೆ ಗೊತ್ತಾಗುವುದಿಲ್ಲ.

ಮಾವಾ, ನಮಸ್ಕಾರ. ನಿಮ್ಮ ಮಂಡಿ ನೋವು ಹೇಗಿದೆ? ಅತ್ತೆ ಹೊಸದುರ್ಗದಿಂದ ಎಣ್ಣೆ ಕಳಿಸಿದ್ದಾರೆ, ಹಿಟ್ಟಿನ ಚೀಲದ ಪಕ್ಕದಲ್ಲಿ ಇಟ್ಟಿದ್ದೇನೆ. ಹಚ್ಚಿಕೊಂಡು ಎಳೆಬಿಸಿಲಿಗೆ ಕಾಲು ಚಾಚಿ ಕೂರಬೇಕಂತೆ, ಹಚ್ಚಿಕೊಂಡು ಕುರಿ ಹಿಂದೆ ಓಡಬಾರದಂತೆ. ಇನ್ನು ನಿಮ್ಮ ಮಗನ ಸಮಾಚಾರ. ಏನ್ರೀ, ಹೇಗಿದ್ದೀರಿ? ಹಟ್ಟಿಯಿಂದ ನಿಮಗೆಲ್ಲ ಹಿಟ್ಟು ಮುಟ್ಟಿಸಿ ಬರುವ ಮುನಿಯಪ್ಪಣ್ಣನನ್ನು ಕೇಳಿದರೆ "ಚೆನ್ನಾಗವ್ನೆ ಕಣಮ್ಮ, ವಸಿ ಕರ್ರಗಾಗವ್ನೆ" ಅನ್ನುತ್ತಾನೆ. ಹೋಗುವಾಗ ಏನು ಬೆಳ್ಳಗಿದ್ದರಾ ಅಂದೆ. ನಕ್ಕು ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ನೀವು ಕುರಿ ಬಿಟ್ಟಿರುವ ಸೀಮೆಯ ಚಾನಲ್ ನೀರಿಗೆ ನಿಮ್ಮ ಫೋನು ಬಿದ್ದ ಸುದ್ದಿಯನ್ನೂ ಅವನೇ ಹೇಳಿದ್ದು, ಅದಕ್ಕೇ ಈ ಕಾಗದ. ಫೋನ್ ಇದ್ದಾಗ ಮಾತ್ರ ನಾವೇನು ಮಾತಾಡುತ್ತಿದ್ದೆವು ಹೇಳಿ? ಗಾಳಿ ಸದ್ದು, ಕುರಿ ಸದ್ದು, ಅದರ ನಡುವೆ ಒಂದು "ಹ್ಞೂ", ಒಂದು "ಉಂಡ್ಯಾ?", ಆಮೇಲೆ "ಚಾರ್ಜಿಲ್ಲ, ಇಡ್ತೀನಿ". ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀವು ಇಡುವ ಹಾಗಿಲ್ಲ.

ಅತ್ತೆ ಹೊಸದುರ್ಗಕ್ಕೆ ಹೋದವರು ಇನ್ನೂ ಅಲ್ಲೇ ಇದ್ದಾರೆ. ಡಾಕ್ಟರು ಶಾಂತಿಗೆ ಬಸ್ಸು ಹತ್ತಬೇಡ ಅಂದಿರುವುದರಿಂದ ಮಗಳು ತವರಿಗೆ ಬರುವ ಬದಲು ತಾಯಿಯೇ ಮಗಳ ಮನೆಗೆ ಹೋಗಬೇಕಾಯಿತು. ನಿಮ್ಮ ತಂಗಿ ಚೆನ್ನಾಗಿದ್ದಾಳೆ, ಹುಳಿ ಕೇಳುತ್ತಾಳಂತೆ, ಹುಣಸೆಹಣ್ಣು ಕಳಿಸಿದ್ದೇನೆ. ಹಟ್ಟಿಯಲ್ಲಿ ಈಗ ಗಂಡಸರೆಲ್ಲ ಕುರಿ ಹಿಂದೆ, ಹೆಂಗಸರೆಲ್ಲ ದಾಳಿಂಬೆ ತೋಟದ ಕೂಲಿಗೆ. ಬೆಳಿಗ್ಗೆ ಆಟೋ ತುಂಬಿಕೊಂಡು ಹೋದವರು ಹೊತ್ತು ಮುಳುಗುವಾಗ ಬಂದು ಒಲೆ ಹಚ್ಚುತ್ತಾರೆ, ಅಷ್ಟರಲ್ಲಿ ಅವರಿಗೆ ಮಾತಾಡುವ ತ್ರಾಣ ಇರುವುದಿಲ್ಲ. ನಾಯಿಗಳನ್ನೂ ನೀವೇ ಕರೆದುಕೊಂಡು ಹೋಗಿದ್ದೀರಿ. ಹಗಲು ಹೊತ್ತು ಇಲ್ಲಿ ಕಿವಿಗೆ ಬೀಳುವುದು ದೂರದ ಹೈವೇ ಸದ್ದೊಂದೇ. ಅದು ಬೆಂಗಳೂರಿನಿಂದ ಪುಣೆಗೆ ಹೋಗುತ್ತದೆ, ಪುಣೆಯಿಂದ ಬೆಂಗಳೂರಿಗೆ ಬರುತ್ತದೆ, ನಮ್ಮ ಹಟ್ಟಿಯ ಕಡೆ ತಿರುಗುವುದಿಲ್ಲ. ತಮಾಷೆಗೆ ಹೇಳಿದೆ. ಬೇಸರ ಮಾಡಿಕೊಳ್ಳಬೇಡಿ. ಆದರೆ ಬೇಸರ ಆಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಮಾವ ಪ್ರತಿಸಲವೂ "ಅದ್ರಾಗೆ ದಿನಾ ಕುಂತ್ಕಂಡು ಏನು ಮಾಡ್ತೀಯವ್ವ?" ಅಂತ ಕೇಳುತ್ತಾರೆ. ಇನ್ನೊಂದು ಸಲ ಹೇಳುತ್ತೇನೆ ಮಾವಾ. ಬೆಂಗಳೂರಿನ ಒಂದು ಕಂಪನಿಯವರು ಎಲ್ಲೆಲ್ಲಿಯದೋ ಜನ ಮಾತಾಡಿದ್ದನ್ನು ರೆಕಾರ್ಡ್ ಮಾಡಿ ನನ್ನ ಲ್ಯಾಪ್‌ಟಾಪಿಗೆ ಕಳಿಸುತ್ತಾರೆ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡಬೇಕು. ಒಂದಕ್ಷರ ನನ್ನದು ಸೇರಿಸುವ ಹಾಗಿಲ್ಲ. ಯಾರೂ ಮಾತಾಡದೆ ಸುಮ್ಮನಿದ್ದ ಕಡೆ "ಮೌನ" ಅಂತ ಹಾಕಬೇಕು. ನಮ್ಮ ಸೀಮೆಯ ಮಾತು ಬಂದರೆ ನನಗೇ ಕಳಿಸುತ್ತಾರೆ, "ಐತೆ", "ಅವ್ನೆ" ಅನ್ನುವುದು ಬೇರೆಯವರ ಕಿವಿಗೆ ಹತ್ತುವುದಿಲ್ಲವಂತೆ. ಹೀಗೆ ದಿನವಿಡೀ ನನ್ನ ಕಿವಿಯ ತುಂಬ ಜನ. ಸೊಸೆಯನ್ನು ಬೈಯುವವರು, ಎಮ್ಮೆಗೆ ದರ ಹೇಳುವವರು, ಬ್ಯಾಂಕಿನವರ ಜೊತೆ ಜಗಳ ಆಡುವವರು. ಮೊನ್ನೆ ಒಂದು ಫೈಲಿನಲ್ಲಿ ಯಾವುದೋ ಊರಿನ ಒಬ್ಬ ತಾಯಿ "ಉಂಡ್ಯೇನಪ್ಪಾ? ಏನುಂಡೆ?" ಅಂತ ಕೇಳಿ ಕಾದಳು. ಆ ಕಡೆಯ ಉತ್ತರ ರೆಕಾರ್ಡ್ ಆಗಿರಲಿಲ್ಲ. ನಾನು "ಉಂಡೆ ಕಣಮ್ಮ, ಮುದ್ದೆ" ಅಂತ ಬಾಯಲ್ಲಿ ಹೇಳಿ, ಕೈಯಲ್ಲಿ "ಮೌನ" ಅಂತ ಹಾಕಿದೆ. ಇಷ್ಟು ಜನರ ಮಾತು ಕೇಳುವವಳ ಮಾತು ಕೇಳುವುದಕ್ಕೆ ಒಬ್ಬರಿಲ್ಲ ಅನ್ನುವುದು ಹೆಡ್‌ಫೋನ್ ತೆಗೆದಾಗ ಗೊತ್ತಾಗುತ್ತದೆ.

ಸರಿ, ಈಗ ಲ್ಯಾಪ್‌ಟಾಪಿನ ವಿಷಯ. ನೀವು ಹೊರಟ ಮೇಲೆ ಅದರ ಕಾಯಿಲೆ ಹೆಚ್ಚಾಯಿತು. ಹಚ್ಚಿ ಸ್ವಲ್ಪ ಹೊತ್ತಿಗೆ ಫ್ಯಾನು ಹಿಟ್ಟಿನ ಗಿರಣಿ ಥರ ಗುಂಯ್ ಅನ್ನುತ್ತದೆ, ಹೊಟ್ಟೆ ಕಡೆ ಕೈಯಿಟ್ಟರೆ ಸುಡುತ್ತದೆ, ಆಮೇಲೆ ಹೇಳದೆ ಕೇಳದೆ ಆರಿಹೋಗುತ್ತದೆ. ಟೈಪ್ ಮಾಡಿದ್ದರಲ್ಲಿ ಅರ್ಧ ಉಳಿದಿರುತ್ತದೆ, ಅರ್ಧ ಹೋಗಿರುತ್ತದೆ. ಅತ್ತೆ ಹೊಸದುರ್ಗಕ್ಕೆ ಹೋಗುವ ಮುಂಚೆ ಒಂದು ದಿನ ಅದನ್ನು ಮುಟ್ಟಿ ನೋಡಿ, "ಮೈ ಕೆಂಡ ಆಗೈತಲ್ಲೇ ಇದಕ್ಕೆ, ಜರ ಬಂದೈತೆ" ಅಂದು ಒದ್ದೆಬಟ್ಟೆ ಹಿಂಡಿಕೊಂಡೇ ಬಂದರು. ನಾನು ಅಡ್ಡ ಬರದಿದ್ದರೆ ಅವತ್ತೇ ಅದರ ಕಥೆ ಮುಗಿಯುತ್ತಿತ್ತು. ಬಟ್ಟೆ ಬೇಡ ಅಂದಿದ್ದಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಮೆಣಸಿನಕಾಯಿ ಘಾಟಿಗೆ ನಾನು ಕೆಮ್ಮಿದೆ, ಅತ್ತೆ ಕೆಮ್ಮಿದರು, ಲ್ಯಾಪ್‌ಟಾಪ್ ಎಂದಿನಂತೆ ಆರಿಹೋಯಿತು. ಶೀಟಿನ ಮನೆ ಕಾದು ಹೀಗಾಗುತ್ತಿದೆ ಅಂದುಕೊಂಡು ವೈರ್ ಎಳೆದು ಹೊಂಗೆಮರದ ನೆರಳಿಗೆ ಹೋದೆ. ಅಲ್ಲಿ ಹೂವು ಉದುರಿ ಕೀಬೋರ್ಡಿನ ತುಂಬ ಇರುವೆ. ಕಂಪನಿಯ ಮೇಡಂ ಎರಡು ಸಲ ಎಚ್ಚರಿಕೆ ಕಳಿಸಿದರು, ಇನ್ನೊಂದು ಸಲ ಅರ್ಧ ಫೈಲ್ ಬಂದರೆ ನಿಮ್ಮ ಐಡಿ ನಿಲ್ಲಿಸಬೇಕಾಗುತ್ತದೆ ಅಂತ. ಐಡಿ ನಿಲ್ಲಿಸುವುದು ಅಂದರೆ ಮಾವಾ, ನಾಳೆಯಿಂದ ಬರಬೇಡ ಅನ್ನುವುದು.

ಹೋದ ಸಲ ಮುನಿಯಪ್ಪಣ್ಣ ಹೊರಟಾಗ ಇಷ್ಟನ್ನೂ ಅವನ ಕಿವಿಗೆ ಹಾಕಿದ್ದೆ. ಅವನು ವಾಪಸ್ಸು ಬಂದು ನಿಮ್ಮ ಮಾತನ್ನು ಹೀಗೆ ಒಪ್ಪಿಸಿದ: "ಆ ಹಾಳಾದ್ದನ್ನ ಬಿಸಾಕು ಅನ್ನಣ್ಣ. ಮುಂದಿನ ಸೋಮವಾರ ಯಾಪಾರಿ ಬತ್ತಾನೆ. ಬೊಟ್ಟಿನ ಕುರೀನೂ ಅದರ ಎರಡು ಮರೀನೂ ಕೊಟ್ಟು ಹೊಸದು ತಗಳ್ಳಾಣ. ಅವಳು ಹ್ಞೂ ಅಂದ್ರೆ ಸಾಕು." ಬೇರೇನೂ ಹೇಳಲಿಲ್ಲವಾ, ನಾನು ಹೇಗಿದ್ದೀನಿ ಅಂತ ಕೇಳಲಿಲ್ಲವಾ ಅಂದೆ. "ಕೇಳ್ದ ಕೇಳ್ದ" ಅಂದ. ಎರಡು ಸಲ ಅಂದಿದ್ದರಿಂದ ಕೇಳಿಲ್ಲ ಅಂತ ಗೊತ್ತಾಯಿತು. ಇರಲಿ, ನಿಮ್ಮ ಬಾಯಿ ನನಗೆ ಹೊಸದಾ?

ಬೊಟ್ಟಿನ ಕುರಿಯ ವಿಷಯಕ್ಕೆ ನನ್ನ ಹ್ಞೂ ಯಾಕೆ ಬೇಕು ಅಂತ ಮಾವನಿಗೆ ನೆನಪಿದೆ. ಮದುವೆಯಲ್ಲಿ ನಮ್ಮಪ್ಪ ಅದರ ತಾಯಿಯನ್ನು ಬಳುವಳಿಯಾಗಿ ತುರುವನೂರಿನಿಂದ ತಂದು ನಿಮ್ಮ ಮಂದೆಗೆ ಬಿಟ್ಟಾಗ, ಮಾವ ಚಪ್ಪರದಲ್ಲಿ ಎಲ್ಲರ ಎದುರು ಹೇಳಿದ್ದರು, "ಹೆಣ್ಣಿಗೆ ಕೊಟ್ಟ ಕುರಿ ಸಂತಾನ ಹೆಣ್ಣಿಂದೇ. ಅವಳ ಬಾಯಿಂದ ಬರದೆ ನಾವು ಹಗ್ಗ ಮುಟ್ಟಂಗಿಲ್ಲ." ಮಂದೆ ಎಲ್ಲ ನಿಮ್ಮದು, ಅದರೊಳಗೆ ಕಿವಿ ಬೇರೆ ಥರ ಕತ್ತರಿಸಿದ ಆ ಮೂರು ಮಾತ್ರ ನನ್ನವು. ಹೊಸತರಲ್ಲಿ ಈ ಮನೆಯಲ್ಲಿ ನನಗೆ ಪರಿಚಯ ಅಂತ ಇದ್ದದ್ದು ಆ ತಾಯಿಕುರಿ ಒಂದೇ. ಸಂಜೆ ಮಂದೆ ಬಂದಾಗ ನನ್ನ ಸೀರೆ ಸೆರಗು ಮೂಸಿ, ತುರುವನೂರಿನವಳೇ ಹೌದು ಅಂತ ಖಾತ್ರಿ ಮಾಡಿಕೊಂಡು ಒಳಗೆ ಹೋಗುತ್ತಿತ್ತು. ಅದು ಸತ್ತ ಮೇಲೆ ಬೊಟ್ಟಿನದು ಅದೇ ಅಭ್ಯಾಸ ಇಟ್ಟುಕೊಂಡಿತು. ಈಗ ಹೇಳಿ, ಹ್ಞೂ ಅನ್ನುವುದು ಅಷ್ಟು ಸಲೀಸಾ? ಅನ್ನದಿದ್ದರೆ ಇರುವ ಕೆಲಸ ಹೋಗುತ್ತದೆ. ಮುನಿಯಪ್ಪಣ್ಣ ನಾಳೆ ಮೊದಲ ಬಸ್ಸಿಗೆ ಹೊರಡುತ್ತಾನೆ, ಸೋಮವಾರ ನಿಮ್ಮ ಯಾಪಾರಿ ಬರುತ್ತಾನೆ, ನನ್ನ ಉತ್ತರ ಈ ಕಾಗದದಲ್ಲೇ ಬರಬೇಕು. ಅದಕ್ಕೇ ಈ ವಾರ ಎರಡು ಕಡೆ ಅಲೆದೆ.

ಮೊದಲು ದುರ್ಗಕ್ಕೆ ಹೋದೆ. ದೊಡ್ಡ ಅಂಗಡಿ, ಗಾಜಿನ ಬಾಗಿಲು, ಒಳಗೆ ಎಸಿ. ಚಪ್ಪಲಿ ಹೊರಗೆ ಬಿಡಬೇಕೇನೋ ಅಂತ ಒಂದು ಗಳಿಗೆ ನಿಂತೆ. ಕೌಂಟರಿನವನು ನಮ್ಮದನ್ನು ಮುಟ್ಟಿಯೂ ನೋಡಲಿಲ್ಲ, "ಇದು ಭಾಳ ಹಳೇದು ಮೇಡಂ, ಇದಕ್ಕೆ ಖರ್ಚು ಮಾಡೋದು ದಂಡ, ಹೊಸದು ತಗಳ್ರಿ, ಕಂತಿಗೂ ಕೊಡ್ತೀವಿ" ಅಂದ. ಹೊಸದೊಂದನ್ನು ಹಚ್ಚಿ ನನ್ನ ಮುಂದೆ ಇಟ್ಟ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ತಟ್ಟೆಯ ಹಾಗೆ ತೆಳ್ಳಗೆ. ಚೂರೂ ಸದ್ದಿಲ್ಲ. ಹೊಟ್ಟೆಯ ಕೆಳಗೆ ಕೈಹಾಕಿ ನೋಡಿದೆ, ತಣ್ಣಗಿತ್ತು. ಅಲ್ಲೇ ನಿಂತು ಹೊಸ ಮಶೀನಿನ ಮುಂದೆ ಕೂತ ನನ್ನನ್ನು ಕಲ್ಪಿಸಿಕೊಂಡೆ, ಬೊಟ್ಟಿನ ಕುರಿ ಮನಸ್ಸಿನಲ್ಲೇ ಯಾಪಾರಿಯ ಗಾಡಿ ಹತ್ತಿಯೂ ಬಿಟ್ಟಿತ್ತು. ಹ್ಞೂ ಅನ್ನುವ ನಿರ್ಧಾರ ಮಾಡಿಕೊಂಡೇ ಬಸ್ಸು ಹತ್ತಿದೆ. ಐಮಂಗಲದಲ್ಲಿ ಇಳಿಯಬೇಕಾದವಳು ಇಳಿಯಲಿಲ್ಲ. ಯಾಕೆ ಅಂತ ಕೇಳಬೇಡಿ, ಇಳಿದರೆ ಮನೆಗೆ ಹೋಗಬೇಕಿತ್ತು. ಹಿರಿಯೂರಿಗೆ ಇನ್ನೊಂದು ಟಿಕೆಟ್ ತೆಗೆದುಕೊಂಡೆ.

ಹಿರಿಯೂರಿನ ಬಸ್‌ಸ್ಟ್ಯಾಂಡ್ ಹಿಂದೆ ಉಷಾರಾಣಿ ಅಂತ ಒಬ್ಬಳು ಮೊಬೈಲು, ಲ್ಯಾಪ್‌ಟಾಪು ರಿಪೇರಿ ಅಂಗಡಿ ಇಟ್ಟಿದ್ದಾಳೆ, ನನ್ನದೇ ವಯಸ್ಸು. ಮುಂದೆ ನಾಲ್ಕೈದು ಜನ ಕಾಯುತ್ತಿದ್ದರು. ಅವಳು ನಮ್ಮದನ್ನು ಬೋರಲು ಹಾಕಿ, ತಿರುಪುಗಳನ್ನು ಬಿಚ್ಚಿ, ತಳದ ಮುಚ್ಚಳ ಎತ್ತಿದಳು. ಆಮೇಲೆ ಚಿಮಟದಿಂದ ಒಳಗಿಂದ ಏನನ್ನೋ ಹಿಡಿದು ಎಳೆದಳು, ಎಳೆದಷ್ಟೂ ಬಂತು. "ಇದೇನ್ ಅಕ್ಕ, ಒಳಗೆ ಕುರಿ ಕಟ್ಟಿದ್ರಾ?" ಅಂದಳು. ಉಣ್ಣೆ! ಕರಿ ಉಣ್ಣೆ, ಅಲ್ಲಲ್ಲಿ ಬಿಳಿ ಎಳೆ, ಫ್ಯಾನಿನ ಸುತ್ತ ಸುತ್ತಿಕೊಂಡು, ಗಾಳಿ ಹೋಗುವ ಕಿಂಡಿಯಲ್ಲಿ ಬಿರಡೆಯ ಹಾಗೆ ಕೂತುಬಿಟ್ಟಿತ್ತು. ಅದರ ಮೇಲೆ ಅರಿಶಿನದ ಪುಡಿ ಬೇರೆ. ಫ್ಯಾನು ಪಾಪ ತಿರುಗುತ್ತಲೇ ಇತ್ತು, ಶಾಖ ಹೊರಗೆ ಹೋಗುವುದಕ್ಕೆ ದಾರಿಯೇ ಇರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ಬಗ್ಗಿ ನೋಡಿ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ, ನೀವು ಹೋದ ಮೇಲೆ ಅಷ್ಟು ನಕ್ಕಿದ್ದು ಅವತ್ತೇ. ವಾಪಸ್ಸು ಬಸ್ಸಿನಲ್ಲಿ ಮತ್ತೆ ನೆನಪಾಗಿ ನಗು ಬಂತು. ಹೇಳೋಣ ಅಂತ ಪಕ್ಕಕ್ಕೆ ತಿರುಗಿದರೆ ಸೀಟಿನ ಮೇಲೆ ಯಾರದೋ ಈರುಳ್ಳಿ ಚೀಲ ಇತ್ತು.

ಮಾವಾ, ಇಲ್ಲಿ ನೀವು ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡು ಕೇಳಬೇಕು. ನಿಮ್ಮ ಮಗ ಅದನ್ನು ದಾವಣಗೆರೆಯಿಂದ ಹಳೆಯದಾಗಿ ಕೊಂಡು ತಂದದ್ದೇ ಕಂಬಳಿಯಲ್ಲಿ ಸುತ್ತಿಕೊಂಡು, ಕುರಿಮರಿಯನ್ನು ಎತ್ತಿಕೊಂಡ ಹಾಗೆ. ಆಯುಧಪೂಜೆ ದಿನ ನೀವು "ಅನ್ನ ಕೊಡೋದನ್ನ ಬರೀ ನೆಲದ ಮ್ಯಾಲೆ ಕೂರಿಸಬಾರ್ದು" ಅಂತ ಕಂಬಳಿ ಮಡಚಿ ಗದ್ದುಗೆ ಮಾಡಿ ಅದರ ಮೇಲೆ ಕೂರಿಸಿ ಅರಿಶಿನದ ಭಂಡಾರ ಎರಚಿದಿರಿ. ನಾನೂ ಆ ಮಾತನ್ನು ಹಿಡಿದುಕೊಂಡು, ಈ ಸಲ ನಿಮ್ಮ ಮಗ ಹೊಸ ಕಂಬಳಿ ಹೊದ್ದು ಹೊರಟ ಮೇಲೆ ಮನೆಯಲ್ಲಿ ಉಳಿದ ಹಳೆಯದನ್ನು ಅದರ ಕೆಳಗೆ ಹಾಸಿದೆ. ಗಾಳಿ ಎಳೆದುಕೊಳ್ಳುವ ಕಿಂಡಿ ತಳದಲ್ಲೇ ಇರುವುದಂತೆ. ಅದು ಉಸಿರು ಎಳೆದಾಗಲೆಲ್ಲ ಕಂಬಳಿಯ ಎಳೆ ಒಳಗೆ ಹೋಗಿದೆ. ದೇವರನ್ನು ಕೂರಿಸುವ ಹಾಗೆ ಕೂರಿಸಿ ನಾವೇ ಅದರ ಮೂಗು ಮುಚ್ಚಿದ್ದೇವೆ ಮಾವಾ. ನಿಮ್ಮ ತಪ್ಪೇನಿಲ್ಲ, ನಮ್ಮ ಮನೆಯಲ್ಲಿ ಒಂದು ವಸ್ತುವಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಕೊಡುವುದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ. ಉಷಾರಾಣಿ, ಇನ್ನು ಮೇಲೆ ಹಲಗೆ ಮೇಲೆ ಇಡಿ, ಆ ಕಂಬಳಿಯ ಧೂಳು ಮನೆಯೊಳಗೆ ಹಾರದ ಹಾಗೆ ಚೆನ್ನಾಗಿ ಒಗೆದುಬಿಡಿ ಅಂದಳು. ಬಂದವಳೇ ಹಳೆಯ ಕಂಬಳಿಯನ್ನು ತೊಟ್ಟಿಯ ಹತ್ತಿರ ಎಳೆದು, ಸೋಪಿನಪುಡಿ ಹಾಕಿ ತುಳಿದು ತುಳಿದು ಒಗೆದು ಬೇಲಿಯ ಮೇಲೆ ಒಣಹಾಕಿದೆ. ಅತ್ತೆಗೆ ಫೋನಿನಲ್ಲಿ ಹೇಳಿದರೆ ಒಂದೇ ಸಮ ಬೈದರು, "ಕಂಬ್ಳಿ ಯಾರಾನ ಒಗೀತಾರೇನೇ? ಅದಕ್ಕೆ ಮೈಲಿಗೆ ಐತಾ? ಬುದ್ಧಿ ಎಲ್ಲಿಟ್ಟಿದ್ದೆ?" ಅಂತ. ಅಷ್ಟರಲ್ಲಿ ಅದು ಅರ್ಧ ಒಣಗಿತ್ತು.

ಇನ್ನು ಉಷಾರಾಣಿಯ ತೀರ್ಪು. ಉಣ್ಣೆ ತೆಗೆದಿದ್ದಾಳೆ, ಒಳಗೆ ಒಣಗಿದ್ದ ಪೇಸ್ಟ್ ಕೆರೆದು ಹೊಸದು ಹಚ್ಚಿದ್ದಾಳೆ, ಉಬ್ಬಿದ ಬ್ಯಾಟರಿ ತೆಗೆದು ಬೇರೆ ಹಾಕಿದ್ದಾಳೆ. ಅದಕ್ಕೆ ನನ್ನ ದುಡಿಮೆಯ ದುಡ್ಡೇ ಸಾಕಾಯಿತು. ಆದರೆ ಶಾಖಕ್ಕೆ ಬೋರ್ಡು ಒಂದು ಕಡೆ ಕಂದಿದೆಯಂತೆ. "ಒಂದು ವರ್ಷ ಬರಬಹುದು, ಮುಂಗಾರಿಗೇ ಕೈ ಕೊಡಬಹುದು, ನಾನು ಮಾತು ಕೊಡಲ್ಲ ಅಕ್ಕ" ಅಂದಳು. ಅಂದರೆ ದುರ್ಗದವನು ಹೇಳಿದ್ದೂ ಪೂರ್ತಿ ಸುಳ್ಳಲ್ಲ, ಇವಳು ಹೇಳಿದ್ದೂ ಪೂರ್ತಿ ಭರವಸೆಯಲ್ಲ. ಯೋಚನೆ ಮಾಡಿ ಮಾಡಿ ನಿನ್ನೆ ಒಂದು ಕೆಟ್ಟ ಯೋಚನೆಯೂ ಬಂತು, ಇದನ್ನು ಮಾವ ಕೇಳಿಸಿಕೊಂಡರೂ ಪರವಾಗಿಲ್ಲ. ಮೂರು ಯಾಕೆ, ಎಲ್ಲವನ್ನೂ ಮಾರಿಬಿಡಿ ಅನ್ನೋಣ, ಮಂದೆಯೇ ಇಲ್ಲದಿದ್ದರೆ ನೀವು ಅಲ್ಲಿ ಯಾಕಿರುತ್ತೀರಿ, ಮನೆಗೆ ಬರುತ್ತೀರಿ ಅಂತ. ಆಮೇಲೆ ಕುರಿ ಇಲ್ಲದ ನಿಮ್ಮನ್ನು ನೆನೆಸಿಕೊಂಡೆ. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಕಟ್ಟೆಯ ಮೇಲೆ ಕೂತಿದ್ದಿರಿ. ಅದನ್ನು ನೋಡುವುದಕ್ಕಿಂತ ಒಬ್ಬಳೇ ಇರುವುದು ವಾಸಿ ಅನ್ನಿಸಿತು. ಮೂರು ಕುರಿ ಕಡಿಮೆಯಾದರೆ ನೀವೇನು ಒಂದು ದಿನ ಮುಂಚೆ ಬರುವುದಿಲ್ಲ. ನನಗೆ ಹೊಸ ಮಶೀನು ಬರುತ್ತದೆ, ಸಂಜೆ ಸೆರಗು ಮೂಸುವವರು ಯಾರೂ ಇರುವುದಿಲ್ಲ.

ಆದ್ದರಿಂದ ನನ್ನ ಉತ್ತರ: ಉಹೂಂ. ಮಾರಬೇಡಿ. ಯಾಪಾರಿಗೆ ಬೇರೆ ಟಗರು ತೋರಿಸಿ. ಹಳೆಯದರಲ್ಲೇ ಕೆಲಸ ಮಾಡುತ್ತೇನೆ. ಒಂದು ದಿನ ಅದು ಪೂರ್ತಿ ನಿಂತುಹೋದರೆ ಆವತ್ತು ನಾನೂ ದಾಳಿಂಬೆ ತೋಟದ ಆಟೋ ಹತ್ತುತ್ತೇನೆ, ಅಲ್ಲಾದರೂ ಮಾತಾಡುವುದಕ್ಕೆ ಜನ ಇರುತ್ತಾರೆ.

ರಿಪೇರಿಯಾದ ಮೇಲೆ ಅದು ಬಲು ಸಾಧು. ಬೆಳಿಗ್ಗೆಯಿಂದ ಹಚ್ಚಿದ್ದರೂ ಬಿಸಿಯಿಲ್ಲ, ಸದ್ದಿಲ್ಲ, ಕಂಪನಿಗೆ ಪೂರ್ತಿ ಫೈಲುಗಳು ಹೋಗುತ್ತಿವೆ, ಮೇಡಂ ಒಂದು ಹೆಬ್ಬೆರಳು ಕಳಿಸಿದ್ದಾರೆ. ಸಂತೋಷ ಆಗಬೇಕು, ಆಗಿದೆ. ಆದರೆ ಆ ಗುಂಯ್ ಅನ್ನುವ ಸದ್ದು ನನಗೆ ಇಷ್ಟು ರೂಢಿಯಾಗಿತ್ತು ಅಂತ ಅದು ನಿಂತ ಮೇಲೆ ಗೊತ್ತಾಯಿತು. ಪಕ್ಕದ ಕೋಣೆಯಲ್ಲಿ ಯಾರೋ ಹಿಟ್ಟು ಬೀಸುತ್ತಿದ್ದಾರೆ ಅನ್ನುವ ಹಾಗಿರುತ್ತಿತ್ತು. ಈಗ ಹೆಡ್‌ಫೋನ್ ತೆಗೆದರೆ ಮನೆಯಲ್ಲಿ ಏನೂ ಇಲ್ಲ. ಈ ಮನೆಯನ್ನು ಯಾರಾದರೂ ರೆಕಾರ್ಡ್ ಮಾಡಿ ನನಗೇ ಕಳಿಸಿದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಪದ ಟೈಪ್ ಮಾಡಬೇಕಾಗುತ್ತದೆ.

ಅಳುಮುಂಜಿ ಕಾಗದ ಆಯಿತು, ಸಾಕು. ಚೀಲದಲ್ಲಿ ರಾಗಿಹಿಟ್ಟು, ಹುರುಳಿಕಾಳು, ಉಪ್ಪು, ಒಣಮೆಣಸಿನಕಾಯಿ, ಮಾವನಿಗೆ ಹೊಗೆಸೊಪ್ಪು ಇದೆ. ಶೇಂಗಾ ಚಟ್ನಿಪುಡಿ ಬೇರೆ ಕಟ್ಟಿದ್ದೇನೆ, ಅದು ನಿಮಗೆ, ಒಂದೇ ಸಲಕ್ಕೆ ಖಾಲಿ ಮಾಡಬೇಡಿ. ಯುಗಾದಿಗೆ ನೀವು ಬರುವುದಿಲ್ಲ ಅಂತ ಗೊತ್ತು, ಬೇವುಬೆಲ್ಲ ಮುನಿಯಪ್ಪಣ್ಣನ ಮುಂದಿನ ಸುತ್ತಿಗೆ ಕಳಿಸುತ್ತೇನೆ, ಹಬ್ಬ ಕಳೆದ ಮೇಲಾದರೂ ತಿನ್ನಿ. ಮಾವನ ಪಾದಕ್ಕೆ ಶರಣು. ಬೊಟ್ಟಿನ ಕುರಿಗೆ ಮಾರುವುದಿಲ್ಲವಂತೆ ಅಂತ ಹೇಳಿ, ಅದರ ಕಿವಿ ಹಿಂದೆ ನನ್ನ ಪರವಾಗಿ ಕೆರೆಯಿರಿ. ಮಳೆ ಬಿದ್ದ ಸುದ್ದಿ ಬಂದ ದಿನವೇ ಈ ಕಡೆ ಮುಖ ಮಾಡಿ ಹೊರಡಿ, ದಾರಿಯಲ್ಲಿ ಯಾರ ಹೊಲದಲ್ಲೂ ತಂಗಬೇಡಿ.

ನಿಮ್ಮ
ದೀಪಾ

ಮರೆತ ಮಾತು: ಈ ಚೀಟಿಯನ್ನು ಬೇರೆಯಾಗಿ ಮಡಚಿದ್ದೇನೆ. ಇದನ್ನು ಮಾವನಿಗೆ ಓದಬೇಡಿ. ಮುನಿಯಪ್ಪಣ್ಣ ಆಗಲೇ ಬಾಗಿಲಲ್ಲಿ ನಿಂತಿದ್ದಾನೆ, ಇವತ್ತೇ ಯಾರದೋ ಗಾಡಿ ಸಿಕ್ಕಿತಂತೆ, "ಬೇಗ ಬೇಗ" ಅನ್ನುತ್ತಿದ್ದಾನೆ. ಮಾವನ ಮಾತಿಗೆ ನಾನು ಕಂಬಳಿ ಹಾಸಿದ್ದಲ್ಲ. ಆಯುಧಪೂಜೆಯ ಗದ್ದುಗೆಯನ್ನು ಅತ್ತೆ ಮರುದಿನವೇ ಎತ್ತಿಟ್ಟಿದ್ದರು. ನೀವು ಹೊರಟ ದಿನ ನಿಮ್ಮ ಹಳೆಯ ಕಂಬಳಿಯನ್ನು ನಾನೇ ತೊಡೆಯ ಮೇಲೆ ಹಾಕಿಕೊಂಡು ಅದರ ಮೇಲೆ ಮಶೀನು ಇಟ್ಟುಕೊಂಡೆ. ಮಶೀನು ಬಿಸಿಯಾದರೆ ಕಂಬಳಿ ಬಿಸಿಯಾಗುತ್ತಿತ್ತು, ಕಂಬಳಿ ಬಿಸಿಯಾದರೆ ನಿಮ್ಮ ವಾಸನೆ ಏಳುತ್ತಿತ್ತು. ಕುರಿ, ಹೊಗೆ, ಬೆವರು, ಎಲ್ಲ. ನೀವು ಆಗಷ್ಟೇ ಬಿಸಿಲಿನಿಂದ ಬಂದು ಪಕ್ಕದಲ್ಲಿ ಕೂತ ಹಾಗೆ. ಆರಿಹೋಗುತ್ತದೆ ಅಂತ ಗೊತ್ತಿದ್ದೂ ನಿಲ್ಲಿಸುತ್ತಿರಲಿಲ್ಲ, ಇನ್ನೊಂಚೂರು ಕಾಯಲಿ ಅಂತ ಬಿಡುತ್ತಿದ್ದೆ. ಈಗ ಅದು ಕಾಯುವುದಿಲ್ಲ. ಕಂಬಳಿಯಲ್ಲಿ ಸೋಪಿನಪುಡಿ ವಾಸನೆ. ಬೇಲಿಯಿಂದ ತೆಗೆದು ಮುಖಕ್ಕೆ ಹಿಡಿದಾಗಲೇ ನಾನು ಮಾಡಿದ್ದೇನು ಅಂತ ತಿಳಿದದ್ದು. ಒಗೆದ ಕಂಬಳಿಯನ್ನು ಚೀಲದ ತಳದಲ್ಲಿಟ್ಟು ಕಳಿಸುತ್ತಿದ್ದೇನೆ, ಅದನ್ನು ನೀವು ಹೊದ್ದುಕೊಳ್ಳಿ. ನಿಮ್ಮ ಹೆಗಲ ಮೇಲಿರುವ ಹೊಸದನ್ನು ಮುನಿಯಪ್ಪಣ್ಣನ ಕೈಲಿ ನನಗೆ ಕಳಿಸಿ, ಸಂಕ್ರಾಂತಿಯಿಂದ ಹೊದ್ದಿದ್ದೀರಿ, ಇಷ್ಟರಲ್ಲಿ ಅದೂ ನಿಮ್ಮದಾಗಿರುತ್ತದೆ. ಲ್ಯಾಪ್‌ಟಾಪು ಹಲಗೆಯ ಮೇಲೇ ಇರುತ್ತದೆ, ಆಣೆ. ಕಂಬಳಿ ನನಗೆ. ಮಾವ ಕೇಳಿದರೆ ಏನಾದರೂ ಹೇಳಿ. ಕೊಡವಬೇಡಿ, ಬಿಸಿಲಿಗೆ ಹಾಕಬೇಡಿ. ಒಗೆಯದೆ ಕಳಿಸಿ.